ಉಪ್ಪುನೀರಿನ ಬಕೆಟ್ಟಿನಿಂದ ಇಸಿಜಿ ಕ್ಲಿಪ್ಪಿನವರೆಗೆ

ಇಸಿಜಿಗೆ ಮಲಗಿದವರು ಎಷ್ಟೋ ಸಲ ಕೇಳುವುದುಂಟು, “ಶಾಕ್ ಹೊಡೆಯಲ್ಲ ಅಲ್ವಾ?” ಹೊಡೆಯಲ್ಲ. ಯಂತ್ರ ನಮಗೆ ಕರೆಂಟ್ ಕೊಡುವುದಿಲ್ಲ, ನಮ್ಮ ಹೃದಯದ ಕರೆಂಟನ್ನೇ ಅಳೆಯುತ್ತದೆ. ಚರ್ಮದ ಮೇಲೆ ಸಿಗುವುದು ಸುಮಾರು 1 ಮಿಲಿವೋಲ್ಟ್, ಅಷ್ಟೇ. ಅದನ್ನು ಹಿಡಿಯುವುದೇ ಹಿಂದಿನವರಿಗೆ ದೊಡ್ಡ ತಲೆನೋವಾಗಿತ್ತು.

1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಮನುಷ್ಯನ ಹೃದಯದ ಕರೆಂಟನ್ನು ಎದೆ ಕೊಯ್ಯದೆ ದಾಖಲಿಸಿ ತೋರಿಸಿದರು. ಸಪೂರ ಗಾಜಿನ ಕೊಳವೆಯೊಳಗಿನ ಪಾದರಸ ಕರೆಂಟಿಗೆ ಅಲುಗುತ್ತಿತ್ತು, ಅದರ ಫೋಟೊ ತೆಗೆದರೆ ಏರಿಳಿತದ ಗೆರೆಯೊಂದು ಮೂಡುತ್ತಿತ್ತು. ಮೈಯ ಕರೆಂಟನ್ನು ತಂತಿಗೆ ದಾಟಿಸಲು ಉಪ್ಪುನೀರು ಬಳಸುತ್ತಿದ್ದರು. ಅವರ ಬುಲ್‌ಡಾಗ್ ಜಿಮ್ಮಿಯೂ ಆ ನೀರಿನಲ್ಲಿ ಕಾಲಿಟ್ಟು ಸುಮ್ನೆ ನಿಲ್ಲುತ್ತಿತ್ತು. 1909ರಲ್ಲಿ ಇದು ಪ್ರಾಣಿಹಿಂಸೆಯಲ್ಲವೇ ಎಂದು ಬ್ರಿಟನ್ನಿನ ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಎದ್ದಿತು. ಸಮುದ್ರದ ನೀರಿನಲ್ಲಿ ಕಾಲಾಡಿಸಿದವರಿಗೆ ಅದು ಹೇಗಿರುತ್ತದೆಂದು ಗೊತ್ತು ಎಂಬರ್ಥದ ಉತ್ತರ ಕೊಟ್ಟರು ಗೃಹಮಂತ್ರಿ. ಜಿಮ್ಮಿಗಂತೂ ಬೇಜಾರಾದಂತಿರಲಿಲ್ಲ.

ಪಾದರಸ ನಿಧಾನ. ಹೃದಯದ ವೇಗಕ್ಕೆ ಅದು ಸಾಲದು. ನೆದರ್ಲೆಂಡ್ಸ್‌ನ ಲೈಡನ್ನಿನಲ್ಲಿದ್ದ ವಿಲ್ಲೆಮ್ ಐಂಥೋವನ್ ಮೊದಲು ಲೆಕ್ಕ ಹಾಕಿ ಆ ಗೆರೆಯನ್ನು ತಿದ್ದಿದರು. ತಿದ್ದಿದ ಗೆರೆಯ ಏರಿಳಿತಗಳಿಗೆ 1895ರಲ್ಲಿ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಆಮೇಲೆ ಪಾದರಸವನ್ನೇ ಬಿಟ್ಟು, ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯೊಂದನ್ನು ಭಾರಿ ಅಯಸ್ಕಾಂತದ ನಡುವೆ ಕಟ್ಟಿದರು; ಹೃದಯದ ಕರೆಂಟ್ ಹರಿದಾಗ ಎಳೆ ಅಲುಗುತ್ತಿತ್ತು. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ! ಅದನ್ನು ಆಸ್ಪತ್ರೆಗೆ ಹೊತ್ತೊಯ್ಯುವುದು ಆಗದ ಮಾತು. ಹಾಗಾಗಿ ರೋಗಿ ಆಸ್ಪತ್ರೆಯಲ್ಲೇ ಉಪ್ಪುನೀರಿಗೆ ಕೈಕಾಲು ಇಳಿಬಿಟ್ಟು ಕೂರುತ್ತಿದ್ದ, ಅವನ ಎದೆಬಡಿತ ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. 1924ರ ನೊಬೆಲ್ ಐಂಥೋವನ್ ಅವರಿಗೆ ಸಿಕ್ಕಿತು.

ಅವರಿಟ್ಟ ಹೆಸರುಗಳು ಇಂದಿಗೂ ಅವೇ. ಮೊದಲ ಪುಟ್ಟ ಉಬ್ಬು ಪಿ: ಹೃದಯದ ಮೇಲಿನ ಕೋಣೆಗಳಿಗೆ ಕರೆಂಟ್ ಹರಡಿದ್ದು. ಆಮೇಲೆ ಸ್ವಲ್ಪ ಚಪ್ಪಟೆ ಗೆರೆ. ಅಲ್ಲಿ ಕರೆಂಟ್ ಬೇಕೆಂದೇ ತಡೆದು ಸಾಗುತ್ತದೆ, ಕೆಳಗಿನ ಕೋಣೆಗಳಿಗೆ ರಕ್ತ ತುಂಬಲು ಅಷ್ಟು ಸಮಯ ಬೇಕು. ಮುಂದಿನ ಚೂಪು ಗೋಪುರವೇ ಕ್ಯೂಆರ್‌ಎಸ್: ಕೆಳಗಿನ ದಪ್ಪ ಕೋಣೆಗಳ ಸರದಿ. ಕೊನೆಯ ಟಿ, ಅವು ಮುಂದಿನ ಬಡಿತಕ್ಕೆ ಸಿದ್ಧವಾಗುವ ಹೊತ್ತು. ಕಾಗದದ ಒಂದು ಸಣ್ಣ ಚೌಕ ಸಾಮಾನ್ಯವಾಗಿ 0.04 ಸೆಕೆಂಡ್.

ಈಗಿನ ಯಂತ್ರ ಕಂಕುಳಲ್ಲಿ ಹಿಡಿಸುತ್ತದೆ. ಎದೆಯ ಮೇಲೆ ಆರು ಕಡೆ ತಂತಿ ಅಂಟಿಸುವುದು ಆಮೇಲೆ ಸೇರಿದ್ದು. ಉಪ್ಪುನೀರಿನ ಕೆಲಸವನ್ನು ಈಗ ತಣ್ಣನೆಯ ಜೆಲ್ ಮಾಡುತ್ತದೆ. ಕೆಂಪು ಕ್ಲಿಪ್ಪು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ. ಐಂಥೋವನ್ ಬಕೆಟ್ ಇಟ್ಟಿದ್ದೂ ಅಲ್ಲೇ.