ವಾಲಿದ್ದು ಮರವೋ, ಬೋಗಿಯೋ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ರೈಲಿನಲ್ಲಿ ಇಳಿಯುವಾಗ ತಿರುವುಗಳಲ್ಲಿ ಕಿಟಕಿಯಾಚೆಯ ಮರಗಳೆಲ್ಲ ಒಂದೇ ಕಡೆಗೆ ವಾಲಿದಂತೆ ಕಾಣುತ್ತವೆ. 55 ಕಿ.ಮೀ. ಘಟ್ಟ, 57 ಸುರಂಗ, 50ಕ್ಕೆ 1ರ ಇಳಿಜಾರು. ರೈಲು ಓಡುವುದೇ ನಿಧಾನ. ತಿರುವಿನಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಎತ್ತರ ಇರುತ್ತದೆ. ನಮ್ಮ ಬ್ರಾಡ್‌ಗೇಜಿನಲ್ಲಿ 60 ಮಿ.ಮೀ. ಎತ್ತರಿಸಿದರೆ ಬೋಗಿ ಹೆಚ್ಚುಕಡಿಮೆ 2 ಡಿಗ್ರಿ ಒಳಕ್ಕೆ ವಾಲುತ್ತದೆ. ಅಷ್ಟು ಸಣ್ಣ ವಾಲಿಕೆ ಮೈಗೆ ಸರಿಯಾಗಿ ತಿಳಿಯುವುದಿಲ್ಲ. ಬೋಗಿಯ ಗೋಡೆ ನೆಟ್ಟಗಿದೆ ಎಂದು ಕಣ್ಣು ನಂಬಿಬಿಡುತ್ತದೆ, ತಪ್ಪನ್ನು ಮರದ ತಲೆಗೆ ಕಟ್ಟುತ್ತದೆ. ಕೊಕ್ಕೆಗೆ ತೂಗುಹಾಕಿದ ಚೀಲ ನೋಡಿ: ಗೋಡೆ ಬಿಟ್ಟು ಒಂದು ಬದಿಗೆ ಸರಿದಿರುತ್ತದೆ. ಗಾರೆಯವರ ತೂಗುಗುಂಡಿನ ಹಾಗೆ, ಆ ಚೀಲವೇ ಸರಿ.

ಈ ಗೊಂದಲಕ್ಕೆ ಹಳೆಯ ಚರಿತ್ರೆಯಿದೆ. 1861ರಲ್ಲಿ ಜರ್ಮನಿಯ ಶರೀರವಿಜ್ಞಾನಿ ಹರ್ಮನ್ ಔಬರ್ಟ್ ಕತ್ತಲಲ್ಲಿ ಬೆಳಗುವ ಗೆರೆಯೊಂದನ್ನು ನೋಡುತ್ತ ತಲೆ ಚೆನ್ನಾಗಿ ವಾಲಿಸಿದರೆ, ನೆಟ್ಟಗಿರುವ ಗೆರೆ ಎದುರು ದಿಕ್ಕಿಗೆ ವಾಲಿದಂತೆ ಕಾಣುತ್ತದೆಂದು ಗುರುತಿಸಿದ. 1870ರ ದಶಕದಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್‌ನ ಗಮನ ಸೆಳೆದದ್ದೂ ತಿರುವಿನಲ್ಲಿ ಓಡುವ ರೈಲು, ಓರೆಯಾಗಿ ಕಂಡ ಮನೆ-ಮರಗಳು. ಆದರೆ ವೇಗದ ರೈಲಿನಲ್ಲಿ ಮೋಸಹೋಗುವುದು ಕಿವಿಯೂ ಹೌದು. ಒಳಕಿವಿಯಲ್ಲಿ ಅಂಟಿನಂಥ ಪೊರೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿವೆ. ತಲೆ ವಾಲಿದರೆ ಅವು ಜಾರಿ ಕೆಳಗಿನ ರೋಮಕೋಶಗಳ ಕೂದಲಿನಂಥ ಎಳೆಗಳನ್ನು ಬಾಗಿಸುತ್ತವೆ. ತಿರುವಿನ ತಳ್ಳಾಟಕ್ಕೂ ಅವು ಹಾಗೇ ಜಾರುತ್ತವೆ. ಎರಡರ ವ್ಯತ್ಯಾಸ ಅವಕ್ಕೆ ತಿಳಿಯದು.

ಹಾಗಾದರೆ ಕಣ್ಣಿನ ಪಾಲೆಷ್ಟು? 1948ರಲ್ಲಿ ಮನೋವಿಜ್ಞಾನಿಗಳಾದ ಸೊಲೊಮನ್ ಆಶ್, ಹರ್ಮನ್ ವಿಟ್ಕಿನ್ ಕತ್ತಲಲ್ಲಿ ಬೆಳಗುವ ಚೌಕಟ್ಟನ್ನು ವಾಲಿಸಿಟ್ಟು, ಒಳಗಿನ ಕೋಲನ್ನು ನೆಟ್ಟಗೆ ನಿಲ್ಲಿಸಿ ಎಂದರು. ಕೋಲು ಚೌಕಟ್ಟಿನ ಕಡೆಗೇ ವಾಲಿತು. ಕೆಲವರದು ಸ್ವಲ್ಪ, ಕೆಲವರದು ಬಹಳ. ಸುರಂಗದ ಕತ್ತಲಲ್ಲಿ ಹೊರಗೇನೂ ಕಾಣದಾಗ ನಮ್ಮ ಬೋಗಿಯೂ ಅಂಥದೇ ಚೌಕಟ್ಟು.

ಚೌಕಟ್ಟಿಲ್ಲದೆ, ಒಳಕಿವಿಯ ಲೆಕ್ಕ ಸರಿಯಿದೆಯೇ ಎಂದು ನೋಡಲು ಈಗ ವೈದ್ಯರಿಗೆ ಪ್ಲಾಸ್ಟಿಕ್ ಬಕೆಟ್ ಸಾಕು. ಒಳತಳದಲ್ಲಿ ಮಧ್ಯಕ್ಕೆ ಒಂದು ಗೆರೆ. ಹೊರತಳದಲ್ಲಿ, ಸೊನ್ನೆ ಆ ಗೆರೆಗೇ ಹೊಂದುವಂತೆ ಕೋನಮಾಪಕ, ಅದರ ನಡುವಿನಿಂದ ಸಣ್ಣ ತೂಕ ಕಟ್ಟಿದ ದಾರ. ರೋಗಿ ನೆಟ್ಟಗೆ ಕೂತು, ಅಂಚಿನಾಚೆ ಏನೂ ಕಾಣದ ಹಾಗೆ ಮುಖವನ್ನು ಬಕೆಟ್ಟಿಗೆ ಒಡ್ಡಬೇಕು. ಪರೀಕ್ಷಕ ಬಕೆಟ್ ಓರೆಮಾಡಿ ನಿಧಾನವಾಗಿ ತಿರುಗಿಸುತ್ತ ಬರುತ್ತಾನೆ. ಗೆರೆ ನೆಟ್ಟಗಾಯಿತು ಅನ್ನಿಸಿದ ಕೂಡಲೇ ರೋಗಿ 'ನಿಲ್ಲಿಸಿ' ಎನ್ನುತ್ತಾನೆ. ಹತ್ತು ಸಲದ ಸರಾಸರಿ ಸುಮಾರು 2.5 ಡಿಗ್ರಿಯೊಳಗಿದ್ದರೆ ಸಹಜ. ಸದಾ ಒಂದೇ ಕಡೆಯಿಂದ ಶುರುಮಾಡಿದರೆ ಉತ್ತರವೂ ಆ ಕಡೆಗೇ ಎಳೆಯುತ್ತದೆ. ತಲೆ ವಾಲಿದರೆ ಔಬರ್ಟ್ ಕಂಡ ತಪ್ಪು ಸೇರಿಕೊಳ್ಳುತ್ತದೆ.

ಒಂದು ಬದಿಯ ಒಳಕಿವಿಯ ಸಮತೋಲನದ ನರಕ್ಕೆ ಉರಿಯೂತವಾದವರು ಗೆರೆಯನ್ನು ಸಾಮಾನ್ಯವಾಗಿ ಅದೇ ಬದಿಗೆ ಓರೆಯಾಗಿ ನಿಲ್ಲಿಸುತ್ತಾರೆ. ವಾರಗಳು ಕಳೆದಂತೆ ಗೆರೆ ಸೊನ್ನೆಯ ಹತ್ತಿರ ಬರುತ್ತದೆ, ನರ ಪೂರ್ತಿ ಸುಧಾರಿಸದಿದ್ದರೂ.