ಅಳಿಸಿದರೂ ಅಳಿಯದ ನಂಬರು

ಹಳೇ ಕಾರೊಂದರ ಮೇಲಿನ ಟಾರ್ಪಾಲು ಸರಿಸಿದ ಕೂಡಲೇ ಮೂವರು ಮೂರು ಹೆಸರು ಹೇಳಿದರು. ಒಬ್ಬರಿಗೆ ಅದು ಇಂಗ್ಲೆಂಡಿನಿಂದಲೇ ಬಂದ ಮಾರಿಸ್ ಆಕ್ಸ್‌ಫರ್ಡ್. ಇನ್ನೊಬ್ಬರಿಗೆ ಗ್ರಿಲ್ ಬದಲಾಯಿಸಿದ ಹಳೇ ಅಂಬಾಸಿಡರ್. ಮೂರನೆಯವರು ‘ಲ್ಯಾಂಡ್‌ಮಾಸ್ಟರ್, ನೂರಕ್ಕೆ ನೂರು’ ಎಂದು ಬಾಜಿಗೇ ನಿಂತರು. ನಾಲ್ಕನೆಯವರು ಮಾತಾಡದೆ ಬಾನೆಟ್ ಎತ್ತಿ, ಸ್ಪಾರ್ಕ್ ಪ್ಲಗ್ಗುಗಳು ಎಲ್ಲಿವೆ ಎಂದು ನೋಡಿದರು.

ನನಗೆ ಆ ನಾಲ್ಕನೆಯವರ ಮೇಲೆ ಗೌರವ. ಎರಡನೇ ಸರಣಿಯ ಆಕ್ಸ್‌ಫರ್ಡ್ ಮತ್ತು ನಮ್ಮ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್ ಹೊರಗಿನಿಂದ ಅವಳಿ ಮಕ್ಕಳು. ಆದರೆ ಇಂಗ್ಲೆಂಡಿನ ಕಾರಿಗೆ 1489 ಸಿಸಿಯ ಹೊಸ ಇಂಜಿನ್ ಬಂದಾಗಲೂ ಇಲ್ಲಿಯದಕ್ಕೆ ಕೂರಿಸಿದ್ದು ಹಳೆಯ 1476 ಸಿಸಿಯ ಸೈಡ್ ವಾಲ್ವ್ ಇಂಜಿನ್, ಅಂದರೆ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲೇ ಇರುವಂಥದ್ದು. ಅದರ ತಲೆ ರೊಟ್ಟಿಯ ಹಂಚಿನ ಹಾಗೆ ಚಪ್ಪಟೆ, ಪ್ಲಗ್ಗುಗಳು ಅದರ ನೆತ್ತಿಯ ಮೇಲೆ ನೆಟ್ಟಗೆ ನಿಂತಿರುತ್ತವೆ. ಹೊಸದರಲ್ಲಿ ಪ್ಲಗ್ಗುಗಳು ಪಕ್ಕೆಯಿಂದ ಒಳಹೋಗುತ್ತವೆ, ಮೇಲೆ ವಾಲ್ವುಗಳನ್ನು ಮುಚ್ಚುವ ತಗಡಿನ ಡಬ್ಬಿ. ಒಂದು ನೋಟಕ್ಕೆ ಅರ್ಧ ಜಗಳ ಮುಗಿಯುತ್ತದೆ.

ಅರ್ಧ ಮಾತ್ರ. ಯಾಕೆಂದರೆ 1957ರಲ್ಲಿ ಬಂದ ಮೊದಮೊದಲ ಅಂಬಾಸಿಡರಿಗೂ ಇದೇ ಸೈಡ್ ವಾಲ್ವ್ ಇಂಜಿನ್ ಇತ್ತು. ಅದು ಹೋಗಿದ್ದು 1959ರಲ್ಲಿ. ಮೇಲಾಗಿ ಅರವತ್ತು ವರ್ಷ ದಾಟಿದ ಕಾರಿನ ಇಂಜಿನ್ನು ಹುಟ್ಟಿನಿಂದ ಬಂದದ್ದೇ ಎಂದು ನಂಬುವವರು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ನಡುವೆ ಒಂದು ಮಧ್ಯಾಹ್ನ ಅಡ್ಡಾಡಿ ಬರಬೇಕು.

ಇನ್ನು ನಂಬರ್ ಪ್ಲೇಟ್ ನೋಡಿ ಕಾರಿನ ಜಾತಕ ಹೇಳುವವರಿದ್ದಾರೆ. ‘ಎಂವೈ’ ಎಂದಿದ್ದರೆ ಹಳೇ ಮೈಸೂರು ರಾಜ್ಯದ ಕಾರು, ‘ಕೆಎ’ ಎಂದಿದ್ದರೆ 1989ರ ಈಚಿನದು ಎನ್ನುತ್ತಾರೆ. ಪ್ಲೇಟು ಹೇಳುವುದು ಕಾರು ನೋಂದಣಿಯಾದ ಕಾಲವನ್ನೇ ಹೊರತು ಹುಟ್ಟಿದ ಕಾಲವನ್ನಲ್ಲ. ರಾಜ್ಯ ಬದಲಾದರೆ ನಂಬರೂ ಬದಲು. ಅಂಕಿಗಳನ್ನು ಕೂಡಿದರೆ 8 ಬರುತ್ತದೆ, ಶನಿಯ ಸಂಖ್ಯೆ ಎಂದು ಹೆದರಿ, ಸಿಕ್ಕ ಅವಕಾಶದಲ್ಲಿ ಹಳೇ ನಂಬರು ಬಿಟ್ಟು 9 ಹುಡುಕಿಕೊಂಡು ಹೋಗುವವರನ್ನು ಕಂಡರೆ ನನಗೆ ರೇಗುತ್ತದೆ. ಶನಿಯ ಕಾಟ ತಪ್ಪಿತೋ ಇಲ್ಲವೋ, ಕಾರಿನ ಅರ್ಧ ಚರಿತ್ರೆಯಂತೂ ಹೋಯಿತು. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿ ಬಂದಾಗಲೂ, ಮೊದಲೇ ನೋಂದಣಿಯಾದ ವಾಹನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು ಎಂದಿರುವುದು ನನಗೆ ಹಿಡಿಸಿದ ಸಂಗತಿ.

ಹಾಗಾದರೆ ನಂಬಬೇಕಾದ್ದು ಯಾವುದನ್ನು? ಛಾಸಿಯ ಮೇಲೆ ಪಂಚ್ ಮಾಡಿದ ನಂಬರನ್ನು. ಅದನ್ನು ಯಾರಾದರೂ ಗ್ರೈಂಡರ್ ಹಿಡಿದು ಉಜ್ಜಿ ತೆಗೆದಿದ್ದರೆ? ನಮ್ಮ ಟಾರ್ಪಾಲಿನ ಕಾರಿನಲ್ಲಿ ಆಗಿದ್ದೂ ಅದೇ. ನಂಬರು ಇರಬೇಕಾದ ಜಾಗ ಕನ್ನಡಿಯಂತೆ ನುಣುಪು. ‘ಇನ್ನೇನೂ ಮಾಡುವಂತಿಲ್ಲ ಬಿಡಿ’ ಎಂದು ಎಲ್ಲರೂ ಕೈಚೆಲ್ಲಿದರು. ನಾನು ಈ ಲೇಖನ ಬರೆಯಲು ಕೂತದ್ದೇ ಆ ಮಾತಿಗೆ.

ಪಂಚಿನ ಮೇಲೆ ಸುತ್ತಿಗೆ ಬಿದ್ದಾಗ ಉಕ್ಕಿನಲ್ಲಿ ಗುಳಿ ಬೀಳುವುದು ನಮಗೆ ಕಾಣುತ್ತದೆ. ಗುಳಿಯ ತಳದಿಂದ ಕೆಳಗೂ ಲೋಹ ಜಜ್ಜಿಹೋಗಿರುವುದು ಕಾಣುವುದಿಲ್ಲ. ಗ್ರೈಂಡರು ಗುಳಿಯನ್ನು ತೆಗೆಯಬಲ್ಲದು, ಜಜ್ಜುಗಾಯವನ್ನಲ್ಲ. ಆರ್‌ಟಿಒ ಕಚೇರಿಗೆ ಕಾಗದದ ಮೇಲೆ ಛಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದುಕೊಟ್ಟವರಿಗೆ ಗೊತ್ತು, ಒತ್ತು ಬಿದ್ದ ಕಡೆ ಸೀಸ ಬೇರೆಯಾಗಿ ಹತ್ತುತ್ತದೆ. ಇಲ್ಲಿ ಒತ್ತು ಬಿದ್ದಿರುವುದು ಲೋಹದ ಒಳಗೆ, ಪೆನ್ಸಿಲಿನ ಕೆಲಸ ಮಾಡುವುದು ಆಮ್ಲ. ಇನ್ನೊಂದು ಹೋಲಿಕೆ: ಹಳೇ ಗಾಡಿದಾರಿಯನ್ನು ಉತ್ತು ಹೊಲ ಮಾಡಿದರೆ ಚಕ್ರದ ಜಾಡು ಮೇಲೆ ಕಾಣುವುದಿಲ್ಲ, ಆದರೆ ಅಡಿಯ ಮಣ್ಣು ಗಟ್ಟಿ ಕಟ್ಟಿರುವುದರಿಂದ ಆ ಸಾಲಿನಲ್ಲಿ ಪೈರು ಸೊರಗಿ, ದಾರಿ ಎಲ್ಲಿತ್ತೆಂದು ತೋರಿಸಿಕೊಡುತ್ತದೆ.

ಒಳಗೆ ನಡೆದದ್ದೇನು? ಲೋಹದ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ, ಸಾಲುಗಳ ನಡುವೆ ಅಲ್ಲಲ್ಲಿ ಐಬುಗಳಿರುತ್ತವೆ. ದೊಡ್ಡ ಜಮಖಾನೆಯನ್ನು ಒಂದಡಿ ಪಕ್ಕಕ್ಕೆ ಸರಿಸಬೇಕಾದರೆ ಇಡೀ ಜಮಖಾನೆ ಎಳೆಯುವುದಕ್ಕಿಂತ ಒಂದು ತುದಿಯಲ್ಲಿ ಸುಕ್ಕು ಮಾಡಿ, ಆ ಸುಕ್ಕನ್ನು ಇನ್ನೊಂದು ತುದಿಗೆ ತಳ್ಳಿಕೊಂಡು ಹೋಗುವುದು ಸುಲಭವಲ್ಲವೇ? ಲೋಹ ಬಾಗುವುದೂ ಹೀಗೆಯೇ, ಸುಕ್ಕು ಸರಿದು. ಸುತ್ತಿಗೆ ಬಿದ್ದಾಗ ಲೆಕ್ಕವಿಲ್ಲದಷ್ಟು ಹೊಸ ಸುಕ್ಕುಗಳು ಹುಟ್ಟಿ, ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಗಂಟಾಗುತ್ತವೆ. ಕಾಯಿಸಿ ಹದ ಮಾಡಿದ ಲೋಹದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 10 ಲಕ್ಷ ಇಂಥ ಸುಕ್ಕುಗಳಿದ್ದರೆ, ಚೆನ್ನಾಗಿ ಬಡಿದದ್ದರಲ್ಲಿ 10,000 ಕೋಟಿ ದಾಟಬಹುದು. ಪ್ರತಿ ಗಂಟಿನಲ್ಲೂ ಒಂದಿಷ್ಟು ಶಕ್ತಿ ಕೂಡಿಟ್ಟಿರುತ್ತದೆ. ನೆಮ್ಮದಿಯಿಂದ ಕೂತ ಪರಮಾಣುವಿಗಿಂತ ಹೀಗೆ ಒತ್ತಡದಲ್ಲಿರುವುದನ್ನು ಆಮ್ಲ ಬೇಗ ಕಿತ್ತುಕೊಳ್ಳುತ್ತದೆ. ಹಾಗಾಗಿ ಅಂಕಿ ಇದ್ದ ಜಾಗ ಸುತ್ತಲಿಗಿಂತ ಬೇರೆ ಬಗೆಯಲ್ಲಿ ಕರಗಿ, ಬೆಳಕನ್ನು ಬೇರೆ ಬಗೆಯಲ್ಲಿ ಹಿಂತಿರುಗಿಸುತ್ತದೆ. ಅಂಕಿ ಮತ್ತೆ ಕಾಣುತ್ತದೆ.

ಇದರ ಚರಿತ್ರೆಯಲ್ಲಿ ಒಂದು ಸೊಗಸಿದೆ. ಜರ್ಮನಿಯ ಕ್ರುಪ್ ಕಾರ್ಖಾನೆಯ ಅಡಾಲ್ಫ್ ಫ್ರೈ 1921ರಲ್ಲಿ ಈ ರಸಾಯನ ಪ್ರಕಟಿಸಿದಾಗ ಅವರಿಗೆ ಕಾರುಗಳ ಗೊಡವೆಯೇ ಇರಲಿಲ್ಲ. ಉಕ್ಕಿನ ಯಾವ ಭಾಗ ಒತ್ತಡಕ್ಕೆ ಸೋತಿದೆ ಎಂದು ನೋಡುವುದಷ್ಟೇ ಬೇಕಿತ್ತು. 90 ಗ್ರಾಂ ಕ್ಯುಪ್ರಿಕ್ ಕ್ಲೋರೈಡು, 120 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲ, 100 ಮಿಲಿಲೀಟರ್ ನೀರು: ವಿಧಿವಿಜ್ಞಾನ ಪ್ರಯೋಗಾಲಯಗಳು ಕದ್ದ ವಾಹನದ ನಂಬರು ಹುಡುಕಲು ಬಳಸುವ ‘ಫ್ರೈ ದ್ರಾವಣ’ದ ಪಾಕ ಇಂದಿಗೂ ಬಹುಮಟ್ಟಿಗೆ ಇದೇ. ಜಮಖಾನೆಯ ಸುಕ್ಕಿನ ವಿವರಣೆ ಬಂದದ್ದು ಆಮೇಲೆ, 1934ರಲ್ಲಿ, ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳಿಂದ ಬೇರೆ ಬೇರೆಯಾಗಿ. ಅಂದರೆ 13 ವರ್ಷ ಕಾಲ ಪಾಕ ಕೆಲಸ ಮಾಡುತ್ತಿತ್ತು, ಯಾಕೆ ಎನ್ನುವುದು ಮಾತ್ರ ತಿಳಿದಿರಲಿಲ್ಲ. ಮನೆಯಲ್ಲಿ ಇದನ್ನು ಕಲಸಲು ಹೋಗಬೇಡಿ, ಅದರ ಹೊಗೆ ಗಂಟಲು ಸುಡುತ್ತದೆ.

ಗೆಳೆಯರೊಬ್ಬರು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಉಕ್ಕಿನ ಪಟ್ಟಿಯ ಮೇಲೆ 471 ಎಂದು ಪಂಚ್ ಮಾಡಿ, ಬೆರಳಿಗೂ ಗೊತ್ತಾಗದಷ್ಟು ಅರ ಹಾಕಿ ಉಜ್ಜಿದರು. ಹತ್ತಿಯಲ್ಲಿ ದ್ರಾವಣ ಅದ್ದಿ ಒರೆಸುತ್ತ ಹೋದಂತೆ ಮೊದಲು ಏನೂ ಇಲ್ಲ, ಆಮೇಲೆ ತಾಮ್ರದ ಕೆಂಪು ಛಾಯೆ, ಆಮೇಲೆ ಮಂಜಿನೊಳಗಿಂದ ಬಂದ ಹಾಗೆ 7. ಪಕ್ಕದ 1 ಕಾಣಿಸುವಷ್ಟರಲ್ಲಿ 7 ಮಸುಕಾಗತೊಡಗಿತ್ತು. ಆಮ್ಲ ಇನ್ನೂ ಆಳಕ್ಕೆ ಇಳಿದು ಜಜ್ಜಿದ ಪದರವನ್ನೇ ತಿಂದುಬಿಟ್ಟರೆ ಸಾಕ್ಷಿ ಶಾಶ್ವತವಾಗಿ ಹೋಗುತ್ತದೆ. ಅದಕ್ಕೇ ಕ್ಯಾಮೆರಾ ಸಿದ್ಧವಾಗಿಟ್ಟುಕೊಂಡಿರುತ್ತಾರೆ.

ಈ ಗುರುತಿನ ಬೆಲೆ ಎಷ್ಟು ಎಂದು ಕೇಳಿದರೆ ಫ್ರಾನ್ಸಿನ ಬುಗಾಟಿ ಕಾರಿನ ಕಥೆ ಹೇಳಬೇಕು. ಟೈಪ್ 57ರ ಅಟ್ಲಾಂಟಿಕ್ ಕಾರುಗಳನ್ನು ಮಾಡಿದ್ದೇ ನಾಲ್ಕು. ಮೂರು ಉಳಿದಿವೆ. ಕಂಪನಿಯ ಸ್ಥಾಪಕರ ಮಗ ಜಾನ್ ಬುಗಾಟಿ ತಾನೇ ಓಡಿಸುತ್ತಿದ್ದ ಕಪ್ಪು ಕಾರು, ಛಾಸಿ 57453, ಎರಡನೇ ಮಹಾಯುದ್ಧದ ಗದ್ದಲದಲ್ಲಿ ಮಾಯವಾಯಿತು. ನಾಳೆ ಯಾವುದೋ ಕೊಟ್ಟಿಗೆಯಲ್ಲಿ ಕಪ್ಪು ಕಾರೊಂದು ಸಿಕ್ಕರೆ ಅದರ ಬಳುಕು, ಬೆನ್ನ ಮೇಲಿನ ರಿವೆಟ್ ಸಾಲು ಯಾವುದೂ ಪುರಾವೆಯಾಗುವುದಿಲ್ಲ, ಅವನ್ನು ಒಳ್ಳೆಯ ಟಿಂಕರ್ ಮೇಸ್ತ್ರಿ ಮಾಡಬಲ್ಲ. ಎಲ್ಲರೂ ಮೊದಲು ಬಗ್ಗಿ ನೋಡುವುದು ಆ ಐದು ಅಂಕಿಗಳನ್ನು.

ಆದರೆ ನಂಬರೊಂದೇ ಕಾರು ಎನ್ನಲೂ ಆಗದು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲಮಾನ್ ಕಾರು ಪಂದ್ಯ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರಿನ ಬಹುಪಾಲು ಬಿಡಿಭಾಗಗಳು ಬದಲಾಗಿಹೋಗಿದ್ದವು. ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಅದರ ಚರಿತ್ರೆ ಎಲ್ಲೂ ತುಂಡಾಗಿಲ್ಲ, ಆದ್ದರಿಂದ ಇದೇ ಆ ಕಾರು ಎಂದಿತು. ಲೋಹಶಾಸ್ತ್ರಕ್ಕೆ ಇಂಥ ಜಾಗದಲ್ಲಿ ಬಾಯಿಲ್ಲ.

ಅದಕ್ಕೆ ಬಾಯಿಲ್ಲದ ಇನ್ನೊಂದು ಜಾಗ ಬೆಂಕಿ. ತಾಮ್ರದ ಹಂಡೆ ಬಡಿಯುವವರು ನಡುನಡುವೆ ಅದನ್ನು ಒಲೆಗೆ ಇಡುವುದು ಯಾಕೆ? ಬಡಿದಷ್ಟೂ ಗಟ್ಟಿಯಾಗುತ್ತ ಹೋದ ಲೋಹ ಕೆಂಪಗೆ ಕಾದಾಗ ಸುಕ್ಕುಗಳು ಬಿಚ್ಚಿಕೊಂಡು, ಪರಮಾಣುಗಳು ಹೊಸದಾಗಿ ಸಾಲು ಕಟ್ಟಿ, ಮತ್ತೆ ಮೆತ್ತಗಾಗುತ್ತದೆ. ಬಿದ್ದ ಪೆಟ್ಟೆಲ್ಲ ಅದಕ್ಕೆ ಮರೆತುಹೋಗುತ್ತದೆ. ಲ್ಯಾಬಿನಲ್ಲಿ 471ರದೇ ಇನ್ನೊಂದು ಪಟ್ಟಿಯನ್ನು ಉಜ್ಜಿದ ಮೇಲೆ ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಆರಿಸಿದ್ದರು. ಅದರ ಮೇಲೆ ಎಷ್ಟು ಹತ್ತಿ ಒರೆಸಿದರೂ ಒಂದು ಗೆರೆ ಕೂಡ ಏಳಲಿಲ್ಲ.

ಮಾರನೇ ವಾರ ಟಾರ್ಪಾಲಿನ ಕಾರಿನ ಹತ್ತಿರ ಟಾರ್ಚ್ ಹಿಡಿದು ಬಗ್ಗಿದೆವು. ಕನ್ನಡಿಯಂತಿದ್ದ ಜಾಗದ ಅಂಚಿನಲ್ಲಿ ಬಣ್ಣದಡಿ ಸಣ್ಣ ಉಬ್ಬು, ಬೆರಳಾಡಿಸಿದರೆ ವೆಲ್ಡಿಂಗಿನ ಗಂಟು. ಹಿಂದಿನ ಯಾರೋ ತುಕ್ಕು ಹಿಡಿದ ತೂತು ಮುಚ್ಚಲು ಅಲ್ಲಿಗೇ ತೇಪೆ ಹಾಕಿಸಿದ್ದರು. ಬಾಜಿ ಕಟ್ಟಿದ್ದ ನಮ್ಮ ಗೆಳೆಯರು ಇನ್ನೂ ಅದನ್ನು ಲ್ಯಾಂಡ್‌ಮಾಸ್ಟರ್ ಎಂದೇ ಕರೆಯುತ್ತಾರೆ, ಮೊದಲಿನಷ್ಟು ಜೋರಾಗಿ ಅಲ್ಲ.