ಮಾನೆಯ ಬಾವುಟಗಳ ಬೀದಿ: ಎಲ್ಲಿಂದ ನೋಡಬೇಕು?

ಫ್ರೆಂಚ್ ಚಿತ್ರಕಾರ ಎದ್ವಾರ್ ಮಾನೆ 1878ರಲ್ಲಿ ಬಿಡಿಸಿದ ‘ಬಾವುಟಗಳಿರುವ ಮೋನಿಯೆ ಬೀದಿ’ಗೆ ಬರುವ ಮುಂಚೆ ಒಂದು ತಾರೀಖು ಗೊತ್ತಿರಲಿ: ಜೂನ್ 30. ಅವತ್ತು ಪ್ಯಾರಿಸ್‌ನಲ್ಲಿ ಸರ್ಕಾರವೇ ಸಾರಿದ ಶಾಂತಿಯ ಹಬ್ಬ. 1870–71ರಲ್ಲಿ ಜರ್ಮನ್ ರಾಜ್ಯ ಪ್ರಷ್ಯಾದ ಎದುರು ಫ್ರಾನ್ಸ್‌ಗೆ ಸೋಲು, ಅದರ ಬೆನ್ನಿಗೇ ಪ್ಯಾರಿಸ್‌ನ ಜನ ಸರ್ಕಾರದ ವಿರುದ್ಧ ಎದ್ದ ಕಮ್ಯೂನ್ ದಂಗೆಯ ರಕ್ತಪಾತ. ಅದೆಲ್ಲ ಮುಗಿಯಿತು, ನಾವು ಚೇತರಿಸಿಕೊಂಡಿದ್ದೇವೆ ಎಂದು ದೇಶಕ್ಕೆ ತೋರಿಸಬೇಕಿತ್ತು.

ಮಾನೆ ಈ ಬೀದಿಯನ್ನು ನೋಡಿದ್ದು ತನ್ನ ಸ್ಟುಡಿಯೋ ಕಿಟಕಿಯಿಂದ. ಹಾಗಾಗಿ ನಮ್ಮ ಕಣ್ಣೂ ಮೇಲಿನಿಂದಲೇ ಇಳಿಯುತ್ತದೆ. ಸಾಲು ಸಾಲು ಬಾವುಟ, ಬಲಗಡೆ ಕುದುರೆಗಾಡಿಗಳು, ಚೆನ್ನಾಗಿ ಉಡುಪು ತೊಟ್ಟ ಜನ. ನಡುವೆ ಮಾತ್ರ ರಸ್ತೆ ಬಹುಪಾಲು ಖಾಲಿ. ಹಬ್ಬದ ದಿನ ಇಷ್ಟು ಖಾಲಿ ಯಾಕೆ ಅನ್ನಿಸುತ್ತೆ ಅಲ್ವಾ?

ಈಗ ಎಡಗಡೆ ಕೆಳಗೆ ಬನ್ನಿ. ಒಂದು ಕಾಲಿಲ್ಲದವನೊಬ್ಬ ಊರುಗೋಲಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದಾನೆ. ಮೈಮೇಲೆ ಕೂಲಿಯವರು ತೊಡುವಂಥ ನೀಲಿ ನಿಲುವಂಗಿ. ಬೆನ್ನು ನಮ್ಮ ಕಡೆಗಿದೆ, ಮುಖ ಕಾಣುವುದಿಲ್ಲ. ಪಕ್ಕದಲ್ಲೇ ಬೇಲಿ, ಅದರಾಚೆ ಕಟ್ಟುವ ಕೆಲಸದಲ್ಲಿ ಉಳಿದ ಅವಶೇಷ. ಇವನು ಯುದ್ಧದಲ್ಲಿ ಕಾಲು ಕಳೆದುಕೊಂಡವನು ಎಂದು ಹಲವರು ಓದುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. 1870ರಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್‌ಗೆ ಮುತ್ತಿಗೆ ಹಾಕಿದ ಕಾಲದಲ್ಲಿ ಮಾನೆ ಸ್ವತಃ ನ್ಯಾಷನಲ್ ಗಾರ್ಡ್ ಎಂಬ ನಾಗರಿಕ ಪಡೆಯಲ್ಲಿದ್ದವನು. ಆದರೂ ಅವನು ಇಲ್ಲಿ ಕಣ್ಣೀರು ತರಿಸಲು ಹೋಗುವುದಿಲ್ಲ. ಊರುಗೋಲಿನವನನ್ನು ಕ್ಯಾನ್ವಾಸಿನ ಮುಂಭಾಗಕ್ಕೆ ತಂದು ಬಿಟ್ಟಿದ್ದಾನೆ, ಅಷ್ಟೇ. ಬಾವುಟಗಳನ್ನು ನೋಡಬೇಕಾದರೂ ಇವನನ್ನು ದಾಟಿಯೇ ಹೋಗಬೇಕು. ಈ ಚಿತ್ರದ ಜೀವ ಇರುವುದು ಈ ಜಾಗದ ಆಯ್ಕೆಯಲ್ಲಿ.

ಅದೇ ದಿನದ ಹಬ್ಬವನ್ನು ಕ್ಲೋದ್ ಮೊನೆ ಎಂಬ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಕೂಡ ಬಿಡಿಸಿದ್ದಾನೆ. ಅವನ ಚಿತ್ರದ ಮೊಂತೋರ್ಗೈ ಬೀದಿಯಲ್ಲಿ ಬಾವುಟಗಳದೇ ಅಬ್ಬರ. ಕೆಳಗಿನ ಜನ ಬರೀ ಕುಂಚದ ಚುಕ್ಕೆಗಳು, ಒಬ್ಬರ ಗುರುತೂ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಹೋಲಿಕೆ ಕೇಳಿದರೆ ಇಲ್ಲಿಂದ ಶುರುಮಾಡಿ.

ಒಂದು ಎಚ್ಚರಿಕೆ. 1883ರಲ್ಲಿ, ಸಾಯುವ ಕೆಲವೇ ದಿನ ಮುಂಚೆ, ಮಾನೆಯ ಎಡಗಾಲನ್ನೇ ಕತ್ತರಿಸಬೇಕಾಯಿತು. ಕೆಲವರಿಗೆ ಇದನ್ನು ಚಿತ್ರಕ್ಕೆ ಜೋಡಿಸುವ ಆಸೆ ಜಾಸ್ತಿ. ಬೇಡ, ಅದು ಐದು ವರ್ಷ ಆಮೇಲಿನ ಮಾತು.

ಅದರ ಬದಲು 1878ರಲ್ಲೇ ಮೋನಿಯೆ ಬೀದಿಯನ್ನು ಮಾನೆ ಬಿಡಿಸಿದ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ಹಬ್ಬವಿಲ್ಲ, ಮುಂಭಾಗದಲ್ಲಿ ಕೂಲಿಯವರು ರಸ್ತೆಗೆ ಕಲ್ಲು ಹಾಸುತ್ತಿದ್ದಾರೆ.